ಹಳದಿ ಮೆಟ್ರೋ: ರೈಲಿಗೆ ನಾಲ್ಕೂವರೆ ಸ್ಟಾರ್, ಸ್ಟೇಷನ್ನಿನಿಂದ ಮನೆ ದಾರಿಗೆ ಒಂದು

ಬೆಂಗಳೂರು ಮೆಟ್ರೋದ ಹಳದಿ ಮಾರ್ಗ ಶುರುವಾದ ಮೊದಲ ವಾರದಲ್ಲೇ ಇದರ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಬರೆಯಲಿಲ್ಲ. ಹೊಸದರಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಒಂದಷ್ಟು ತಿಂಗಳು ದಿನಾ ಓಡಾಡಿ, ಮಳೆಯಲ್ಲಿ, ಹಬ್ಬದ ರಶ್ಶಿನಲ್ಲಿ, ಅಮ್ಮನನ್ನು ಕರೆದುಕೊಂಡು, ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು, ಹೀಗೆ ಎಲ್ಲ ತರದಲ್ಲೂ ಹೋಗಿ ಬಂದಮೇಲೆ ಬರೆಯೋಣ ಅಂತ ಬಿಟ್ಟಿದ್ದೆ. ಈಗ ಬರೆಯುತ್ತಿದ್ದೇನೆ.

ನಾನಿರುವುದು ಹೊಸ ರೋಡ್ ಸ್ಟೇಷನ್ ಕಡೆ. ಹೊಸೂರು ರಸ್ತೆಯಿಂದ ಒಳಗೆ ತಿರುಗಿ, ಪರಪ್ಪನ ಅಗ್ರಹಾರ ದಾಟಿ, ನಾಗನಾಥಪುರದ ಆಚೆ. ಸ್ಟೇಷನ್ನಿನಿಂದ ಸುಮಾರು ಎರಡೂವರೆ ಕಿಲೋಮೀಟರ್. ಕೆಲಸ ಜಯನಗರದಲ್ಲಿ. ಅಂದರೆ ಈ ಮಾರ್ಗ ನನಗಾಗಿಯೇ ಹಾಕಿದ ಹಾಗಿದೆ: ಹೊಸ ರೋಡಿನಲ್ಲಿ ಹತ್ತಿದರೆ ಆರ್.ವಿ. ರೋಡಿನಲ್ಲಿ ಇಳಿಯುವುದು, ಅಲ್ಲಿಂದ ನಡೆದೇ ಹೋಗಬಹುದು.

ಮೊದಲು ರೈಲಿನ ಮಾತು. ಅದಕ್ಕೆ ಸಲ್ಲಬೇಕಾದ ಹೊಗಳಿಕೆ ಸಲ್ಲಲೇಬೇಕು. ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗೆ 19.15 ಕಿ.ಮೀ., 16 ಸ್ಟೇಷನ್. 2021ರ ಹೊತ್ತಿಗೆ ಓಡಬೇಕಿದ್ದ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. 10ನೇ ತಾರೀಕು ಪ್ರಧಾನಿ ಉದ್ಘಾಟನೆ ಮಾಡಿದರು, 11ರಿಂದ ಜನ ಹತ್ತಿದರು. ಆ ಒಂದು ದಿನ ಇಡೀ ನಮ್ಮ ಮೆಟ್ರೋದಲ್ಲಿ ಓಡಾಡಿದವರ ಸಂಖ್ಯೆ 10 ಲಕ್ಷ ದಾಟಿತು. ಆ ಲೆಕ್ಕದಲ್ಲಿ ನಾನೂ ಒಬ್ಬ. ಕಂಬಗಳು ಎದ್ದು, ಹಳಿ ಬಿದ್ದು, ಸ್ಟೇಷನ್ನಿಗೆ ಬಣ್ಣ ಹೊಡೆದ ಮೇಲೂ ರೈಲಿಲ್ಲದೆ ಖಾಲಿ ನಿಂತಿದ್ದ ಮಾರ್ಗವನ್ನು ಬಸ್ಸಿನ ಕಿಟಕಿಯಿಂದ ತಲೆ ಎತ್ತಿ ನೋಡಿಕೊಂಡು ಹೋಗುತ್ತಿದ್ದವರಿಗೆ ಆ ದಿನದ ಬೆಲೆ ಗೊತ್ತು.

ಶುರುವಿನಲ್ಲಿ ಇದ್ದದ್ದು ಮೂರೇ ರೈಲು. 25 ನಿಮಿಷಕ್ಕೊಂದು ಬರುತ್ತಿತ್ತು. ಆಮೇಲೆ ಒಂದೊಂದೇ ರೈಲು ಬಂದು ಸೇರಿದ ಹಾಗೆ 19 ನಿಮಿಷ, 15 ನಿಮಿಷ ಅಂತ ಇಳಿಯುತ್ತಾ ಬಂತು. ನನ್ನ ಅರ್ಧ ಸ್ಟಾರ್ ಹೋಗಿರುವುದು ಇಲ್ಲಿ. ದಿನದ ಓಡಾಟಕ್ಕೆ ಐದು ನಿಮಿಷಕ್ಕೊಂದು ರೈಲು ಬೇಕು. ಟೈಮ್‌ಟೇಬಲ್ ನೋಡದೆ ಹೋಗಿ ನಿಲ್ಲುವ ಹಾಗಿದ್ದರೇನೇ ಜನ ಗಾಡಿ ಮನೆಯಲ್ಲಿ ಬಿಟ್ಟು ಬರುವುದು. ಇನ್ನು ದರ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಹಳದಿ ಮಾರ್ಗದಲ್ಲಿ ಈ ತುದಿಯಿಂದ ಆ ತುದಿಗೆ 60 ರೂಪಾಯಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಇದು ಕಡಿಮೆ ದುಡ್ಡಲ್ಲ. ಶಕ್ತಿ ಯೋಜನೆ ಬಂದಮೇಲೆ ಅವರಿಗೆ ಬಸ್ಸು ಉಚಿತ, ಹಾಗಾಗಿ ಬೊಮ್ಮನಹಳ್ಳಿ ಕಡೆಯ ಎಷ್ಟೋ ಹೆಂಗಸರು ತಲೆ ಮೇಲೆ ರೈಲು ಹೋಗುತ್ತಿದ್ದರೂ ಕೆಳಗೆ ಬಸ್ಸಿಗೇ ಕಾಯುತ್ತಾರೆ. ಸ್ಮಾರ್ಟ್ ಕಾರ್ಡಿಗೆ 5 ಪರ್ಸೆಂಟ್ ಕಡಿಮೆ, ರಶ್ಶಿಲ್ಲದ ಹೊತ್ತಿನಲ್ಲಿ ಇನ್ನೊಂದು 5. ದಿನಾ ಹೋಗುವವರು ಕಾರ್ಡ್ ಮಾಡಿಸಿಕೊಳ್ಳಿ.

ಆದರೆ ಒಳಗೆ ಕೂತಮೇಲೆ, ನಿಜ ಹೇಳುತ್ತೇನೆ, ಮನಸ್ಸು ಹಗುರಾಗುತ್ತದೆ. ಹೊಸ ರೋಡಿನಿಂದ ಆರ್.ವಿ. ರೋಡಿಗೆ ಸುಮಾರು 20 ನಿಮಿಷ. ಇದೇ ದಾರಿಗೆ ನಾನು ಒಂದು ಗಂಟೆ ಕೊಟ್ಟಿದ್ದೇನೆ, ಒಂದೂವರೆ ಗಂಟೆ ಕೊಟ್ಟಿದ್ದೇನೆ, ಒಂದು ಮಳೆಯ ಸಂಜೆ ಎರಡೂವರೆ ಗಂಟೆ ಕೊಟ್ಟಿದ್ದೇನೆ. ಸಿಲ್ಕ್ ಬೋರ್ಡ್ ಜಂಕ್ಷನ್ ಮೇಲೆ ರೈಲು ಹೋಗುವಾಗ ಈಗಲೂ ಅರ್ಧ ಬೋಗಿ ಜನ ಕಿಟಕಿಯಿಂದ ಕೆಳಗೆ ನೋಡುತ್ತಾರೆ. ಕೆಳಗೆ ಕೆಂಪು ಬ್ರೇಕ್ ಲೈಟುಗಳ ಸಾಲು. ಮೇಲೆ ಯಾರೂ ಮಾತಾಡುವುದಿಲ್ಲ. ಆ ಸಾಲಿನಲ್ಲಿ ನಿಂತು ನಿಂತು ವರ್ಷಗಳನ್ನೇ ಕಳೆದವರು ನಾವು, ಅಲ್ವಾ?

ಅಮ್ಮನಿಗೆ ಹೃದಯದ ಚೆಕಪ್ ಇರುವುದು ಜಯದೇವದಲ್ಲಿ. ಈ ಮಾರ್ಗದಲ್ಲಿ ಆ ಹೆಸರಿನ ಸ್ಟೇಷನ್ನೇ ಇದೆ. ಅಂಡರ್‌ಪಾಸ್, ರಸ್ತೆ, ಫ್ಲೈಓವರ್, ಅದರ ಮೇಲೆ ಮೆಟ್ರೋ, ಹೀಗೆ ಒಂದರ ಮೇಲೊಂದು ಕಟ್ಟಿದ ಜಾಗ ಅದು. ಗುಲಾಬಿ ಮಾರ್ಗವೂ ಅಲ್ಲೇ ಬಂದು ಸೇರುತ್ತದೆ. ಲಿಫ್ಟ್ ಇದೆ, ಎಸ್ಕಲೇಟರ್ ಇದೆ. ಮೊದಲ ಸಲ ಕರೆದುಕೊಂಡು ಹೋದಾಗ ಅಮ್ಮ ಕಂಬಿ ಹಿಡಿದುಕೊಂಡು ಕೂತು, "ಇಷ್ಟು ಬೇಗ ಬಂದುಬಿಡ್ತಾ?" ಅಂದರು. ಆ ಒಂದು ಮಾತಿಗೆ ನಾನು ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ, ಪ್ರಯಾಣ ಸ್ಟೇಷನ್ನಿಗೇ ಮುಗಿದಿದ್ದರೆ.

ಮುಗಿಯುವುದಿಲ್ಲವಲ್ಲ. ನನ್ನ ರಿವ್ಯೂ ನಿಜವಾಗಿ ಶುರುವಾಗುವುದು ಸ್ಟೇಷನ್ನಿನ ಮೆಟ್ಟಿಲಿಳಿದ ಮೇಲೆ.

ರೈಲಿನಲ್ಲಿ 20 ನಿಮಿಷ. ಸ್ಟೇಷನ್ನಿನಿಂದ ನಮ್ಮ ಗೇಟಿಗೆ ಎಷ್ಟೋ ಸಂಜೆ 35, 40 ನಿಮಿಷ. ಅದೂ ಎರಡೂವರೆ ಕಿಲೋಮೀಟರಿಗೆ. ನಡೆದು ಬಂದರೂ ಅಷ್ಟೇ ಹೊತ್ತು, ಆದರೆ ನಡೆಯಲು ಜಾಗವಿಲ್ಲ. ಫುಟ್‌ಪಾತ್ ಅನ್ನುವುದು ಸ್ಟೇಷನ್ನಿನ ಹತ್ತಿರ ಸ್ವಲ್ಪ ದೂರ ಇದೆ. ಆಮೇಲೆ ಮೋರಿ ಮೇಲೆ ಹಾಕಿದ ಸ್ಲ್ಯಾಬ್, ಆಮೇಲೆ ಸ್ಲ್ಯಾಬ್ ಇಲ್ಲದ ಮೋರಿ, ಆಮೇಲೆ ಕರೆಂಟ್ ಕಂಬ, ಅದರ ಪಕ್ಕ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಕಸ. ಜನ ರಸ್ತೆಗೇ ಇಳಿದು ನಡೆಯುತ್ತಾರೆ, ಹಿಂದಿನಿಂದ ಹಾರ್ನ್ ಹೊಡೆದರೆ ಮೈ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾರೆ.

ಈ ರಸ್ತೆಯ ಮೇಲೆ ಬಿದ್ದಿರುವ ಭಾರ ಎಂಥದ್ದು ಅಂತ ರೈಲಿನಲ್ಲಿ ಕೂತರೇ ಕಾಣುತ್ತದೆ. ಸಿಂಗಸಂದ್ರ ಬಿಟ್ಟಮೇಲೆ ಬಲಗಡೆ, ಎಡಗಡೆ ಎರಡೂ ಕಡೆ ನೋಡಿ. ಕ್ರೇನುಗಳು. ಹಸಿರು ಬಲೆ ಸುತ್ತಿದ ಟವರುಗಳು. ಹಳ್ಳಿಯ ಹೆಂಚಿನ ಮನೆ, ಅದರ ಹಿಂದೆ ಗಗನಕ್ಕೆ ನಿಂತ ಅಪಾರ್ಟ್‌ಮೆಂಟು. ನಾನೂ ಅಂಥದ್ದೇ ಒಂದು ಅಪಾರ್ಟ್‌ಮೆಂಟಿನಲ್ಲಿ ಇರುವವನು, ಹಾಗಾಗಿ ಎತ್ತರದ ಕಟ್ಟಡವೇ ತಪ್ಪು ಅಂತ ನಾನು ಹೇಳುವುದಿಲ್ಲ. ಸ್ಟೇಷನ್ನಿನ ಮಗ್ಗುಲಲ್ಲಿ, ಅಗಲವಾದ ರಸ್ತೆಯ ಮೇಲೆ, ಜನ ಇಳಿದು ನಡೆದು ಮನೆ ಸೇರುವ ಹಾಗೆ ಇಪ್ಪತ್ತು ಮಹಡಿ ಕಟ್ಟಲಿ, ನನ್ನ ತಕರಾರಿಲ್ಲ. ಮೆಟ್ರೋ ಪಕ್ಕದಲ್ಲಿ ಜಾಸ್ತಿ ಜನ ಇರಬೇಕು ಅಂತಲೇ ಸರ್ಕಾರ 2022ರಲ್ಲಿ ಒಂದು ನೀತಿ ಮಾಡಿತ್ತು. ಆ ಯೋಚನೆ ಸರಿಯಾಗೇ ಇದೆ. ನನ್ನ ತಕರಾರು ಇರುವುದು ಗಾಡಿದಾರಿಯ ಕೊನೆಯಲ್ಲಿ ಸಾವಿರ ಫ್ಲ್ಯಾಟ್ ಕಟ್ಟುವುದರ ಬಗ್ಗೆ.

ಗಾಡಿದಾರಿ ಅನ್ನುವುದು ನನ್ನ ಮಾತಲ್ಲ. ನಮ್ಮ ಗೇಟಿನ ಎದುರು ಒಂದು ಸಣ್ಣ ಅಂಗಡಿ ಇದೆ, ಅದರ ಜಗುಲಿಯ ಮೇಲೆ ಸಂಜೆ ಹೊತ್ತು ಊರಿನ ಹಿರಿಯರೊಬ್ಬರು ಕೂತಿರುತ್ತಾರೆ. ಒಂದು ದಿನ ಜಾಮಿನಲ್ಲಿ ಆಟೋ ಬಿಟ್ಟು ನಡೆದು ಬಂದವನು ಅಲ್ಲಿ ನೀರು ಕುಡಿಯಲು ನಿಂತೆ. ಅವರು ರಸ್ತೆ ತೋರಿಸಿ ಹೇಳಿದರು: "ಇದು ಹುಲ್ಲಿನ ಗಾಡಿ ಹೋಗೋಕೆ ಅಂತ ಬಿಟ್ಟಿದ್ದ ದಾರಿ ಸಾರ್. ಎದುರುಗಡೆಯಿಂದ ಇನ್ನೊಂದು ಗಾಡಿ ಬಂದ್ರೆ ಒಂದನ್ನ ಹೊಲಕ್ಕೆ ಇಳಿಸ್ತಿದ್ವಿ. ಈಗ ಇಳಿಸೋಕೆ ಹೊಲ ಎಲ್ಲಿದೆ?"

ನಾನು ಆ ಮಾತನ್ನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಟ್ರಾಫಿಕ್ ಬಗ್ಗೆ ಓದಿದ ಯಾವ ವರದಿಯೂ ನನಗೆ ಇಷ್ಟು ಸರಿಯಾಗಿ ಅರ್ಥ ಮಾಡಿಸಿಲ್ಲ. ದಾರಿ ಅಷ್ಟೇ ಇದೆ, ಪಕ್ಕಕ್ಕೆ ಸರಿಯುವ ಹೊಲ ಹೋಯಿತು. ಹೊಲ ಇದ್ದ ಜಾಗದಲ್ಲಿ ಕಾಂಪೌಂಡ್ ಗೋಡೆ ಬಂತು, ಗೋಡೆಯ ಒಳಗೆ ಎರಡು ನೆಲಮಾಳಿಗೆ ತುಂಬ ಕಾರು ಬಂತು.

ಇದು ಹೇಗಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಫ್ಲ್ಯಾಟ್ ಕೊಳ್ಳುವ ಮುಂಚೆ ನನಗೂ ಗೊತ್ತಿರಲಿಲ್ಲ. ಒಂದು ಜಾಗದಲ್ಲಿ ಎಷ್ಟು ಕಟ್ಟಬಹುದು ಅನ್ನುವುದಕ್ಕೆ ಎಫ್‌ಎಆರ್ ಅಂತ ಒಂದು ಲೆಕ್ಕ ಇದೆ. ಒಂದು ಎಕರೆ ಅಂದರೆ 43,560 ಚದರ ಅಡಿ. ಎಫ್‌ಎಆರ್ 3.25 ಇದ್ದರೆ ಅಷ್ಟೇ ಜಾಗದಲ್ಲಿ 1,41,570 ಚದರ ಅಡಿ ಕಟ್ಟಬಹುದು. ಜಾಗ ದೊಡ್ಡದಾದಷ್ಟೂ, ಎದುರಿನ ರಸ್ತೆ ಅಗಲವಾದಷ್ಟೂ ಜಾಸ್ತಿ ಸಿಗುತ್ತದೆ. ರಸ್ತೆ ನೋಡಿಕೊಂಡು ಕಟ್ಟಡ ಅಂತ ನಿಯಮ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ನೆಲದ ಮೇಲೆ ಏನಾಗುತ್ತದೆ ನೋಡಿ. ಬಿಲ್ಡರ್ ತನ್ನ ಜಾಗದ ಎದುರು ಒಂದಿಷ್ಟು ಅಡಿ ರಸ್ತೆಗೆ ಬಿಟ್ಟುಕೊಡುತ್ತಾನೆ. ಅಲ್ಲಿ ಮಾತ್ರ ರಸ್ತೆ ಅಗಲ. ಆ ಕಾಂಪೌಂಡ್ ಮುಗಿದ ತಕ್ಷಣ ಮತ್ತೆ ಹಳೇ ಅಳತೆ. ಮೇಲಿನಿಂದ ನೋಡಿದರೆ ಹಾವು ಇಲಿ ನುಂಗಿದ ಹಾಗೆ ಕಾಣುತ್ತದೆ ನಮ್ಮ ರಸ್ತೆ. ಗೇಟಿನ ಎದುರು ಉಬ್ಬು, ಮಿಕ್ಕಿದ್ದೆಲ್ಲ ಕಿರಿದು. ಆ ಅಗಲವಾದ ಜಾಗವೂ ಓಡಾಟಕ್ಕೆ ಸಿಗುವುದಿಲ್ಲ, ಅಲ್ಲಿ ನೀರಿನ ಟ್ಯಾಂಕರ್ ಮತ್ತು ಡೆಲಿವರಿ ಗಾಡಿಗಳು ನಿಲ್ಲುತ್ತವೆ.

ಹಿಂದೆ ಒಂದು ಯೋಜನೆ ಇರಬೇಕಲ್ಲ ಅಂತ ಕೇಳಬಹುದು. ಬೆಂಗಳೂರು ಇಷ್ಟು ವರ್ಷ ನಡೆದದ್ದು 2007ರಲ್ಲಿ ಒಪ್ಪಿಗೆ ಸಿಕ್ಕ ಮಾಸ್ಟರ್ ಪ್ಲಾನಿನ ಮೇಲೆ. ಅದು 2015ರವರೆಗಿನ ಪ್ಲಾನು. 2031ಕ್ಕೆ ಅಂತ ಮಾಡಿದ ಕರಡು 2017ರಲ್ಲಿ ಬಂತು, ಜನರಿಂದ ಆಕ್ಷೇಪಣೆಗಳೂ ಬಂದವು, ಆಮೇಲೆ ಸರ್ಕಾರವೇ ಅದನ್ನು ವಾಪಸ್ ಪಡೆಯಿತು. ಅಂದರೆ ಹಳದಿ ರೈಲು ಓಡಲು ಶುರುವಾದಾಗಲೂ ಊರಿಗೆ ದಾರಿ ತೋರಿಸುತ್ತಿದ್ದದ್ದು ಹತ್ತು ವರ್ಷ ಹಿಂದೆಯೇ ಮುಗಿಯಬೇಕಿದ್ದ ನಕ್ಷೆ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಗುರುತು ಮಾಡಿದಾಗ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಸೇರಿ 332 ಎಕರೆಯ ಒಂದು ಲೆಕ್ಕ ಇತ್ತು. ಅದರ ಸುತ್ತ ಬೆಳೆದ ಮನೆಗಳಿಗೆ ಅಂಥ ಲೆಕ್ಕ ಯಾರೂ ಹಾಕಲಿಲ್ಲ.

ನಮ್ಮ ಬ್ಲಾಕಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ನಾಲ್ಕು ಹೆಜ್ಜೆ ದೂರದಲ್ಲಿ ಇನ್ನೊಂದು ದೊಡ್ಡ ಪ್ರಾಜೆಕ್ಟಿನ ಬೋರ್ಡ್ ಬಿದ್ದಾಗ ಅವರು ಒಂದು ಕೆಲಸ ಮಾಡಿದರು. ಬೆಳಿಗ್ಗೆ ಎಂಟರಿಂದ ಎಂಟೂವರೆವರೆಗೆ ನಮ್ಮ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಹೊರಗೆ ಹೋಗುವ ಒಂದೊಂದು ಕಾರಿಗೂ ನೋಟ್‌ಬುಕ್ಕಿನಲ್ಲಿ ಗೀಟು ಎಳೆದರು. ನಾಲ್ಕು ಗೀಟು, ಅದರ ಮೇಲೆ ಒಂದು ಅಡ್ಡ ಗೀಟು. ಅರ್ಧ ಗಂಟೆಗೆ ಎರಡು ಪುಟ ತುಂಬಿತು. ಪುಟದ ಕೊನೆಯಲ್ಲಿ ಬಸ್ ಅಂತ ಬರೆದು ಎದುರಿಗೆ ಒಂದೇ ಒಂದು ಗೀಟು ಎಳೆದಿದ್ದರು. ಆ ಪುಸ್ತಕವನ್ನು ಅರ್ಜಿಯ ಜೊತೆ ತೆಗೆದುಕೊಂಡು ನಾವು ಏಳೆಂಟು ಜನ ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ಪ್ಲಾನಿಗೆ ಒಪ್ಪಿಗೆ ಕೊಡುವವರು ಬೇರೆ, ರಸ್ತೆ ಅಗಲ ಮಾಡುವವರು ಬೇರೆ, ಬಸ್ ಬಿಡುವವರು ಬೇರೆ, ನೀರು ಕೊಡುವವರು ಬೇರೆ ಅಂದರು. ಅರ್ಜಿಗೆ ಸೀಲ್ ಹಾಕಿ ಒಂದು ಪ್ರತಿ ಕೊಟ್ಟರು. ಮೇಷ್ಟ್ರು ಆ ಪ್ರತಿಯನ್ನು ಇನ್ನೂ ಇಟ್ಟುಕೊಂಡಿದ್ದಾರೆ.

ಅವರು ನನಗೆ ಇನ್ನೊಂದು ಲೆಕ್ಕ ಹೇಳಿಕೊಟ್ಟರು. ಒಂದು ಕಾರು, ಅದರ ಮುಂದಿನ ಖಾಲಿ ಜಾಗ, ಎರಡೂ ಸೇರಿ ಆರು ಮೀಟರ್ ಅಂತ ಇಟ್ಟುಕೊಳ್ಳಿ. ಸಾವಿರ ಫ್ಲ್ಯಾಟಿನಿಂದ ಸಾವಿರ ಕಾರು ಹೊರಬಿದ್ದರೆ ಸಾಲು ಆರು ಕಿಲೋಮೀಟರ್. ನಮ್ಮ ಗೇಟಿನಿಂದ ಸ್ಟೇಷನ್ನಿಗೆ ಇರುವುದೇ ಎರಡೂವರೆ. ಆ ಸಾವಿರ ಕಾರಿನಲ್ಲಿ ಒಬ್ಬೊಬ್ಬರೇ ಕೂತಿದ್ದರೆ ಅಷ್ಟೂ ಜನ ಆರು ಬೋಗಿಯ ಒಂದೇ ಮೆಟ್ರೋ ರೈಲಿನಲ್ಲಿ ಹಿಡಿಸುತ್ತಾರೆ. ಸ್ಟೇಷನ್ನಿಗೆ ತಲುಪಿದರೆ.

ಇಲ್ಲಿ ಫೀಡರ್ ಬಸ್ಸಿನ ಬಗ್ಗೆ, ಅಂದರೆ ಸ್ಟೇಷನ್ನಿನಿಂದ ಸುತ್ತಲಿನ ಬಡಾವಣೆಗಳಿಗೆ ಹೋಗುವ ಬಸ್ಸಿನ ಬಗ್ಗೆ, ಹೇಳಲೇಬೇಕು. ಹಳದಿ ಮಾರ್ಗ ಶುರುವಾದಾಗ ಬಿಎಂಟಿಸಿ ಸ್ಟೇಷನ್ನುಗಳಿಂದ ಫೀಡರ್ ಬಸ್ ಬಿಟ್ಟಿತು. ನಾನು ಹತ್ತಿದ ಬಸ್ಸುಗಳ ಡ್ರೈವರ್, ಕಂಡಕ್ಟರುಗಳ ಬಗ್ಗೆ ನನಗೆ ಗೌರವ ಜಾಸ್ತಿಯೇ ಆಗಿದೆ. ಒಂದು ಸಂಜೆಯ ಕತೆ ಇದು. ದೇವಸ್ಥಾನದ ತಿರುವಿನಲ್ಲಿ ನಮ್ಮ ಬಸ್ಸಿಗೆ ಎದುರಾಗಿ ರೆಡಿಮಿಕ್ಸ್ ಕಾಂಕ್ರೀಟ್ ಲಾರಿ ಬಂತು, ಅದರ ಡ್ರಮ್ಮು ತಿರುಗುತ್ತಲೇ ಇತ್ತು. ಲಾರಿ ಹಿಂದೆ ಎಂ-ಸ್ಯಾಂಡ್ ಟಿಪ್ಪರ್, ನಮ್ಮ ಹಿಂದೆ ಹತ್ತಿಪ್ಪತ್ತು ಬೈಕು. ಯಾರೂ ಹಿಂದೆ ಹೋಗುವ ಹಾಗಿಲ್ಲ. ಕಂಡಕ್ಟರ್ ಇಳಿದರು. ಒಂದೊಂದೇ ಬೈಕನ್ನು ಕೈ ಮುಗಿದು ಪಕ್ಕಕ್ಕೆ ಸರಿಸಿದರು. ಬಸ್ಸಿನ ಮೈಗೆ ಅಂಗೈಯಿಂದ ತಟ್ಟುತ್ತಾ "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡ್" ಅಂತ ಒಂದೊಂದೇ ಅಡಿ ಹಿಂದೆ ತಂದರು. ಕಿಟಕಿಗೂ ಗೋಡೆಗೂ ನಡುವೆ ನನ್ನ ಬೆರಳು ಹೋಗುವಷ್ಟೂ ಜಾಗ ಇರಲಿಲ್ಲ, ಗೋಡೆಯ ಮೇಲೆ ಒಣಗಿದ ಸುಣ್ಣದ ಚಕ್ಕೆ ಎದ್ದಿರುವುದು ಕಾಣುತ್ತಿತ್ತು. 18 ನಿಮಿಷ ಹಿಡಿಯಿತು. ಒಳಗಿದ್ದ ಒಬ್ಬ ಹುಡುಗಿ ಫೋನಿನಲ್ಲಿ ಅಮ್ಮನಿಗೆ, "ಮೆಟ್ರೋ ಇಳಿದು ಅರ್ಧ ಗಂಟೆ ಆಯ್ತಮ್ಮ, ಇನ್ನೂ ದೇವಸ್ಥಾನದ ಹತ್ರಾನೇ ಇದೀನಿ" ಅನ್ನುತ್ತಿದ್ದಳು.

ಇಂಥ ದಾರಿಯಲ್ಲಿ ಹತ್ತು ನಿಮಿಷಕ್ಕೊಂದು ಬಸ್ ಬಿಡಿ ಅಂತ ಯಾರನ್ನು ಕೇಳುವುದು? ಬಸ್ ತಿರುಗುವುದಕ್ಕೇ ಜಾಗ ಇಲ್ಲ. ಬಸ್ ಸರಿಯಾಗಿ ಬರುವುದಿಲ್ಲ ಅಂತ ಜನ ಕಾರು, ಬೈಕು ತೆಗೆಯುತ್ತಾರೆ. ಕಾರು, ಬೈಕು ತುಂಬಿದವು ಅಂತ ಬಸ್ ಇನ್ನೂ ನಿಧಾನ ಆಗುತ್ತದೆ. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿದ್ದು ಹೀಗೇ, ಒಂದೊಂದು ಮನೆಯ ಇಂಥದ್ದೇ ತೀರ್ಮಾನಗಳು ಸೇರಿ.

ಇನ್ನೊಂದು ವಿಷಯ ಹೇಳಲೇಬೇಕು, ಇದು ಫ್ಲ್ಯಾಟ್ ಹುಡುಕುವವರಿಗೆ. ನನ್ನ ಭಾವಮೈದುನ ಈ ಕಡೆ ಮನೆ ನೋಡುತ್ತಿದ್ದ. ಜೊತೆಗೆ ಹೋದೆ. ಯಾವ ಪ್ರಾಜೆಕ್ಟ್ ಅಂತ ಹೆಸರು ಬೇಡ, ಎಲ್ಲರ ಬ್ರೋಷರಿನಲ್ಲೂ ಇದೇ ಸಾಲು ಇದೆ: ಮೆಟ್ರೋಗೆ ಐದೇ ನಿಮಿಷ. ಸೇಲ್ಸ್ ಹುಡುಗನನ್ನು ಯಾವ ಹೊತ್ತಿನಲ್ಲಿ ಐದು ನಿಮಿಷ ಅಂತ ಕೇಳಿದೆ. ಒಳ್ಳೆಯ ಹುಡುಗ, ಸುಳ್ಳು ಹೇಳಲಿಲ್ಲ. "ಭಾನುವಾರ ಬೆಳಿಗ್ಗೆ ಸಾರ್, ಬೈಕಲ್ಲಿ" ಅಂದ. ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಸೋಮವಾರ ಸಂಜೆ ಏಳು ಗಂಟೆಗೆ ಸ್ಟೇಷನ್ನಿನಲ್ಲಿ ಇಳಿಯಿರಿ, ಬಸ್ಸಿನಲ್ಲೋ ಆಟೋದಲ್ಲೋ ಆ ಸೈಟಿಗೆ ಹೋಗಿ, ವಾಚ್ ನೋಡಿಕೊಳ್ಳಿ. ಆಮೇಲೆ ಅಡ್ವಾನ್ಸ್ ಕೊಡಿ. ನೀರಿನ ಬಗ್ಗೆಯೂ ಕೇಳಿ. 2024ರ ಬೇಸಿಗೆ ನಾವು ಯಾರೂ ಮರೆತಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ಅಂತ ಕಾವೇರಿ ನೀರಿನ ಐದನೇ ಹಂತ ಶುರುವಾಯಿತು, ನಿಜ. ನಮ್ಮ ರಸ್ತೆಯಲ್ಲಿ ಟ್ಯಾಂಕರ್ ಓಡಾಟ ಮಾತ್ರ ನಿಂತಿಲ್ಲ.

ನನಗೆ ಬೇಸರ ಆಗುವುದು ಎಲ್ಲಿ ಗೊತ್ತಾ? ದೊಡ್ಡ ಕೆಲಸ ಮಾಡಲು ನಮಗೆ ಬರುತ್ತದೆ. 2010ರಲ್ಲಿ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹತ್ತು ಕಿಲೋಮೀಟರ್ ಉದ್ದದ ಫ್ಲೈಓವರ್ ಆಯಿತು. 2024ರಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ ಡಬಲ್ ಡೆಕ್ಕರ್ ಫ್ಲೈಓವರ್ ಆಯಿತು. ಈಗ ಮೆಟ್ರೋ ಬಂದಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಮಾತು ನಡೆದಿದೆ. ಹೀಲಲಿಗೆಯಿಂದ ರಾಜಾನುಕುಂಟೆಗೆ ಸಬರ್ಬನ್ ರೈಲು ಬರಬೇಕು, ಅದು ಬಂದರೆ ಈ ಭಾಗಕ್ಕೆ ದೊಡ್ಡ ಉಪಕಾರ. ಆದರೆ ಎರಡೂವರೆ ಕಿಲೋಮೀಟರ್ ಫುಟ್‌ಪಾತ್ ನಮಗೆ ಯಾಕೆ ಕಷ್ಟ? ನಾಲ್ಕು ಕರೆಂಟ್ ಕಂಬ ಸರಿಸುವುದು, ದೇವಸ್ಥಾನದ ತಿರುವಿನಲ್ಲಿ ಒಂದಿಷ್ಟು ಜಾಗಕ್ಕೆ ಪರಿಹಾರ ಕೊಟ್ಟು ಬಿಡಿಸಿಕೊಳ್ಳುವುದು, ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ರೆಡಿಮಿಕ್ಸ್ ಲಾರಿ ಬಿಡದೆ ಇರುವುದು, ಬಿಲ್ಡರ್ ಬಿಟ್ಟುಕೊಟ್ಟ ಜಾಗದಲ್ಲಿ ಬಸ್ ನಿಲ್ಲಲು ಒಂದು ಬೇ ಮಾಡುವುದು. ಇದಕ್ಕೆ ಸುರಂಗ ಕೊರೆಯುವ ಯಂತ್ರ ಬೇಡ. ಹೊಸ ಟವರಿಗೆ ಒಪ್ಪಿಗೆ ಕೊಡುವ ಮುಂಚೆ ಈ ಕೆಲಸ ಮುಗಿದಿದೆಯಾ ಅಂತ ಒಬ್ಬರು ಬಂದು ನಡೆದು ನೋಡಲಿ. ನಡೆದೇ ನೋಡಲಿ, ಜೀಪಿನಲ್ಲಿ ಬೇಡ.

ಹೋಗುವವರಿಗೆ ಗೊತ್ತಿರಲಿ ಅಂತ ಇಷ್ಟು. ಹೊಸ ರೋಡಿನಲ್ಲಿ ಸಂಜೆ ಆರೂವರೆ ಒಳಗೆ ಇಳಿದರೆ ಒಳಗಿನ ದಾರಿ ಸಲೀಸು. ಏಳು ದಾಟಿದರೆ ಪರಪ್ಪನ ಅಗ್ರಹಾರದವರೆಗೆ ನಡೆದು, ಅಲ್ಲಿಂದ ಶೇರ್ ಆಟೋ ಹಿಡಿಯಿರಿ. ಮಳೆ ಬಂದರೆ ಮೋರಿ ಸ್ಲ್ಯಾಬ್ ಮೇಲೆ ಕಾಲಿಡಬೇಡಿ, ನಡುವೆ ಎರಡು ಕಡೆ ಸ್ಲ್ಯಾಬ್ ಇಲ್ಲ, ನೀರು ನಿಂತಾಗ ಕಾಣುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬೆಳಿಗ್ಗೆ ಹತ್ತೂವರೆ ಮೇಲೆ ಹೊರಡಿ, ರೈಲಿನಲ್ಲಿ ಸೀಟೂ ಸಿಗುತ್ತದೆ.

ಅಮ್ಮನ ಮುಂದಿನ ಚೆಕಪ್ ಇನ್ನು ಹದಿನೈದು ದಿನಕ್ಕೆ. ಮೆಟ್ರೋದಲ್ಲೇ ಹೋಗೋಣ ಅಂದಿದ್ದಾರೆ. ಹೋಗುವುದೇನೋ ಸರಿ, ವಾಪಸ್ ಬಂದಮೇಲೆ ಸ್ಟೇಷನ್ನಿನಿಂದ ಮನೆಗೆ ಹೇಗೆ ಅಂತ ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದರು. ಆಟೋ ಮಾಡೋಣ ಅಂದೆ. "ಆಟೋನೂ ಅದೇ ದಾರೀಲಿ ತಾನೆ ಬರಬೇಕು" ಅಂದರು.